ಅಂಗಡಿ ಕಂಪ್ಯೂಟರ್‌ಗೆ ಹೊಸದಾಗಿ ವಿಂಡೋಸ್ ಹಾಕಿಸಬೇಕು. ಅದಕ್ಕೆ ಮುಂಚೆ ಏನೇನು ತೆಗೆದಿಡಬೇಕು?

ಚೌಕಿಪೇಟೆ ಡಿಟಿಪಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್, ಜೊತೆಗೆ ಅರ್ಜಿ ಟೈಪಿಂಗ್. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಂಗಡಿಯಲ್ಲಿರುವುದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಇಂಟೆಲ್ ನಾಲ್ಕನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈಗ ವಿಪರೀತ ನಿಧಾನ ಆಗಿದೆ. ಪುಟ ಜೋಡಿಸುವ ಪೇಜ್‌ಮೇಕರ್‌ನ ಒಂದು ಫೈಲ್ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೊರಟಿರುತ್ತಾರೆ.

ಕೇಳಿದವರೆಲ್ಲ "ಫಾರ್ಮ್ಯಾಟ್ ಹೊಡೆಸಿ, ಅರ್ಧ ಗಂಟೆ ಕೆಲಸ" ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಕನ್ನಡ ಟೈಪಿಂಗ್‌ಗೆ ನುಡಿ, ಪೇಜ್‌ಮೇಕರ್, ಡಿಸೈನ್‌ಗೆ ಕೋರಲ್‌ಡ್ರಾ, ಬಿಲ್ಲಿಗೆ ಟ್ಯಾಲಿ, ಎಲ್ಲ ಅದರಲ್ಲೇ ಇದೆ. ಅಪ್ಪನ ಕಾಲದ ಪತ್ರಿಕೆ ಡಿಸೈನ್‌ಗಳೂ ಇವೆ. ಮುಂದಿನ ಮುಹೂರ್ತಗಳು ಶುರುವಾಗುವ ಮುಂಚೆ ಈ ಕೆಲಸ ಮುಗಿಸಬೇಕು. ಸಿ ಡ್ರೈವ್, ಡಿ ಡ್ರೈವ್ ಎರಡಿವೆ. ಡಿ ಡ್ರೈವ್‌ನಲ್ಲಿ ಇಟ್ಟಿದ್ದೆಲ್ಲ ಹಾಗೇ ಉಳಿಯುತ್ತದೆ ಅಲ್ವಾ?

ಅಶೋಕ ರಸ್ತೆ ಸರ್ವಿಸ್

ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಉಳಿಯುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಒಂದೇ ಹಾರ್ಡ್ ಡಿಸ್ಕ್ ಇದ್ದರೆ ಸಿ ಮತ್ತು ಡಿ ಅದೇ ಡಿಸ್ಕಿನ ಎರಡು ಭಾಗ, ಅಷ್ಟೇ. ಇನ್‌ಸ್ಟಾಲ್ ಮಾಡುವಾಗ ಬರುವ ಪರದೆಯಲ್ಲಿ "ಸಿ", "ಡಿ" ಅಂತ ಹೆಸರು ಕಾಣುವುದಿಲ್ಲ. ಡಿಸ್ಕ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಇರುತ್ತದೆ. ಅಲ್ಲಿ ಯಾವುದನ್ನು ಡಿಲೀಟ್ ಮಾಡಿದಿರೋ ಅದು ಹೋಯಿತು. ಡಿ ಡ್ರೈವ್ ಕಳೆದುಕೊಂಡು ಬರುವವರನ್ನು ನೋಡಿ ನೋಡಿ ಹೇಳುತ್ತಿದ್ದೇನೆ.

ಅರ್ಧ ಗಂಟೆ ಅನ್ನುವುದು ವಿಂಡೋಸ್ ಕೂರುವುದಕ್ಕೆ ಹಿಡಿಯುವ ಸಮಯ. ಅದಕ್ಕೆ ಮುಂಚಿನ ಕೆಲಸಕ್ಕೆ ಒಂದು ದಿನ ಪೂರ್ತಿ ಇಟ್ಟುಕೊಳ್ಳಿ.

ಮೊದಲು ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ತೆರೆದ ಕೂಡಲೇ ನೀಲಿ ಬಣ್ಣದಲ್ಲಿ "ಗುಡ್" ಅಂತ ಬಂದರೆ ಸರಿ. ಹಳದಿಯಲ್ಲಿ "ಕಾಷನ್" ಬಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗಗಳು ಹುಟ್ಟಿಕೊಂಡಿವೆ ಅಂತ ಅರ್ಥ. ಆಗ ಡಿಫ್ರಾಗ್, ಚೆಕ್ ಡಿಸ್ಕ್ ಏನೂ ಓಡಿಸಬೇಡಿ. ಮೊದಲು ಮುಖ್ಯವಾದ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಿ. ನಿಮ್ಮ ಕಂಪ್ಯೂಟರ್ ನಿಧಾನ ಆಗುವುದಕ್ಕೆ ಆ ಡಿಸ್ಕೇ ಕಾರಣ ಇರಬಹುದು. ಹಾಗಿದ್ದರೆ ಅದರ ಮೇಲೆ ಎಷ್ಟು ಸಲ ವಿಂಡೋಸ್ ಹಾಕಿದರೂ ಪ್ರಯೋಜನ ಇಲ್ಲ.

ನನ್ನ ಸಲಹೆ: ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕುವ ವೇಗದ ಡಿಸ್ಕ್) ತೊಗೊಳ್ಳಿ. ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಹೊಸದರ ಮೇಲೆ ವಿಂಡೋಸ್ ಹಾಕಿ. ಏನು ಮರೆತರೂ ಹಳೇ ಡಿಸ್ಕಿನಲ್ಲಿ ಇದ್ದೇ ಇರುತ್ತದೆ.

ದುರ್ಗದ ಅಕ್ಷರ

ಅಕ್ಕಾ, ನಾನೂ ಇದೇ ಕಸುಬಿನವನು, ಚಿತ್ರದುರ್ಗದಲ್ಲಿ. ಹಾರ್ಡ್‌ವೇರ್ ವಿಷಯ ಅಣ್ಣ ಹೇಳಿದರು. ನಮ್ಮ ಕೆಲಸದಲ್ಲಿ ಫೈಲ್‌ಗಿಂತ ಮೊದಲು ಉಳಿಸಬೇಕಾದ್ದು ಫಾಂಟ್.

ಯಾಕೆ ಅಂತ ಹೇಳುತ್ತೇನೆ. ಹಳೇ ಪೇಜ್‌ಮೇಕರ್ ಫೈಲ್‌ಗಳಲ್ಲಿ ಇರುವುದು ಯೂನಿಕೋಡ್ (ಈಗ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿ) ಕನ್ನಡ ಅಲ್ಲ. ಆಸ್ಕಿ ಪದ್ಧತಿಯ ನುಡಿ ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. ನೀವು "ಕನ್ನಡ" ಅಂತ ಟೈಪ್ ಮಾಡಿರುತ್ತೀರಿ. ಫಾಂಟ್ ತೆಗೆದುಬಿಟ್ಟರೆ ಅದೇ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಆಮೇಲೆ ಪೌಂಡ್ ಗುರುತು, ಹೀಗೆ ಕಾಣುತ್ತದೆ. ಆ ಗುರುತುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಶ್ರೀಲಿಪಿ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಅಕ್ಷರಗಳೂ ಹೀಗೇ, ಆದರೆ ಅದರ ಜೋಡಣೆ ಬೇರೆ. ಹಾಗಾಗಿ ನುಡಿ ಫಾಂಟ್ ಹಾಕಿ ಶ್ರೀಲಿಪಿ ಫೈಲ್ ಓದಲು ಆಗುವುದಿಲ್ಲ. ನಿಮ್ಮ ತಂದೆಯವರು ಯಾವ ಯಾವ ಫಾಂಟ್ ಬಳಸಿದ್ದಾರೋ ಅಷ್ಟೂ ಬೇಕು.

ಅಂಗಡಿಗಳಲ್ಲಿ ಒಬ್ಬರಿಂದ ಒಬ್ಬರಿಗೆ ಪೆನ್‌ಡ್ರೈವ್‌ನಲ್ಲಿ ಬಂದ ಅಲಂಕಾರದ ಫಾಂಟ್‌ಗಳೂ ಇರುತ್ತವೆ. "ಶ್ರೀ ಗಣೇಶಾಯ ನಮಃ"ಕ್ಕೆ ಒಂದು, ವಧೂವರರ ಹೆಸರಿಗೆ ಒಂದು. ನುಡಿ ಮತ್ತೆ ಹಾಕಿದರೆ ನುಡಿಯ ಫಾಂಟ್ ಬರುತ್ತವೆ, ಇವು ಬರುವುದಿಲ್ಲ.

ಫಾಂಟ್ ಇರುವ ಜಾಗ ಎರಡು. ಒಂದು ಎಲ್ಲರಿಗೂ ಗೊತ್ತು: ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್. ಇನ್ನೊಂದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಿಂಡೋಸ್ 10ರ 2018ರ ಕೊನೆಯ ದೊಡ್ಡ ಅಪ್‌ಡೇಟ್ ಆದ ಮೇಲೆ ಬರೀ ಒಬ್ಬ ಬಳಕೆದಾರರಿಗೆ ಅಂತ ಫಾಂಟ್ ಹಾಕಬಹುದು. ಡಬಲ್ ಕ್ಲಿಕ್ ಮಾಡಿ "ಇನ್‌ಸ್ಟಾಲ್" ಒತ್ತಿದ ಫಾಂಟ್‌ಗಳು ಹೆಚ್ಚಾಗಿ ಅಲ್ಲಿಗೇ ಹೋಗಿರುತ್ತವೆ. ಯೂಸರ್ಸ್ ಫೋಲ್ಡರ್, ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಆಪ್‌ಡೇಟಾ ಮರೆಯಾಗಿರುತ್ತದೆ. ವ್ಯೂ ಮೆನುವಿನಲ್ಲಿ "ಹಿಡನ್ ಐಟಮ್ಸ್" ಟಿಕ್ ಮಾಡಿದರೆ ಕಾಣುತ್ತದೆ. ಎರಡೂ ಜಾಗದಿಂದ ಕಾಪಿ ಮಾಡಿ.

ಚೌಕಿಪೇಟೆ ಡಿಟಿಪಿ

ಅಯ್ಯೋ ಸರ್, ಎರಡನೇ ಜಾಗದಲ್ಲಿ ಒಂದು ರಾಶಿ ಇವೆ. ನಾನು ವಿಂಡೋಸ್ ಫಾಂಟ್ಸ್ ಮಾತ್ರ ತೆಗೆದಿಡೋಣ ಅಂದುಕೊಂಡಿದ್ದೆ. ಕಾಪಿ ಆದ ಮೇಲೆ ಎಲ್ಲ ಸರಿಯಾಗಿ ಬಂದಿದೆ ಅಂತ ತಿಳಿಯುವುದು ಹೇಗೆ?

ದುರ್ಗದ ಅಕ್ಷರ

ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಅದೊಂದೇ ದಾರಿ. ಫೋಲ್ಡರ್ ಸೈಜ್ ಸರಿ ಇದ್ದರೂ ಒಳಗಿನ ಫೈಲ್ ತೆರೆಯದೇ ಇರಬಹುದು. ನಿಮ್ಮ ಲ್ಯಾಪ್‌ಟಾಪ್‌ಗೋ ಸ್ನೇಹಿತರ ಕಂಪ್ಯೂಟರ್‌ಗೋ ಆ ಫಾಂಟ್‌ಗಳನ್ನು ಹಾಕಿ, ಹಳೇ ಲಗ್ನಪತ್ರಿಕೆಗಳಲ್ಲಿ ಬೇರೆ ಬೇರೆ ವರ್ಷದ್ದನ್ನು ತೆಗೆದು ನೋಡಿ. ಕೋರಲ್‌ಡ್ರಾದಲ್ಲಿ ಫಾಂಟ್ ಸಿಗದಿದ್ದರೆ "ಬೇರೆ ಫಾಂಟ್ ಹಾಕಲೇ" ಅಂತ ಕೇಳುತ್ತದೆ. ಓಕೆ ಒತ್ತಿ ಸೇವ್ ಮಾಡಿಬಿಡಬೇಡಿ. ಸುಮ್ನೆ ಫಾಂಟಿನ ಹೆಸರು ಬರೆದುಕೊಂಡು ಮುಚ್ಚಿ.

ಇನ್ನೊಂದು. ಪೇಜ್‌ಮೇಕರ್ ಚಿತ್ರಗಳನ್ನು ಎಷ್ಟೋ ಸಲ ಫೈಲಿನೊಳಗೆ ಇಟ್ಟುಕೊಂಡಿರುವುದಿಲ್ಲ, ಎಲ್ಲಿದೆ ಅನ್ನುವ ದಾರಿ ಮಾತ್ರ ಬರೆದುಕೊಂಡಿರುತ್ತದೆ. ಚಿತ್ರಗಳು ಡಿ ಡ್ರೈವ್‌ನಲ್ಲಿ ಇದ್ದು, ಹೊಸ ವಿಂಡೋಸ್‌ನಲ್ಲಿ ಆ ಡ್ರೈವ್ ಇ ಆಗಿ ಕೂತರೆ ಲಿಂಕ್ ತಪ್ಪುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರ ಬದಲಿಸಿ ಮತ್ತೆ ಡಿ ಮಾಡಿಕೊಂಡರೆ ಸರಿ ಹೋಗುತ್ತದೆ.

ಸಾಧ್ಯವಾದರೆ ಮುಖ್ಯ ಡಿಸೈನ್‌ಗಳನ್ನು ಈಗಲೇ ಪಿಡಿಎಫ್ ಮಾಡಿಡಿ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡರೆ ಮುಂದೆ ಯಾವ ಕಂಪ್ಯೂಟರಿನಲ್ಲಾದರೂ ಪತ್ರಿಕೆ ಹೇಗಿತ್ತು ಅಂತ ಕಾಣುತ್ತದೆ. ನಿಮ್ಮ ತಂದೆಯವರ ಕೆಲಸ ಅದು, ಕಳೆದುಹೋಗಬಾರದು.

ಮಂಡಿಪೇಟೆ ಲೆಕ್ಕ

ಟ್ಯಾಲಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಮಂಡಿಪೇಟೆ ಅಂಗಡಿಗಳ ಲೆಕ್ಕ ಬರೆಯುವುದೇ ನನ್ನ ಕೆಲಸ.

ಟ್ಯಾಲಿ ಡೇಟಾ ಡೆಸ್ಕ್‌ಟಾಪ್‌ನಲ್ಲೂ ಇರುವುದಿಲ್ಲ, ಡಾಕ್ಯುಮೆಂಟ್ಸ್‌ನಲ್ಲೂ ಇರುವುದಿಲ್ಲ. ಟ್ಯಾಲಿಪ್ರೈಮ್ ಆದರೆ ಯೂಸರ್ಸ್ ಒಳಗೆ ಪಬ್ಲಿಕ್ ಅನ್ನುವ ಫೋಲ್ಡರಿನಲ್ಲಿ ಇರುತ್ತದೆ, ನೀವು ಬದಲಿಸಿರದಿದ್ದರೆ. ಹಳೇ ಇಆರ್‌ಪಿ 9 ಆದರೆ ಸಿ ಡ್ರೈವ್‌ನಲ್ಲೇ ಅದರದ್ದೇ ಫೋಲ್ಡರ್. ಕಂಪನಿ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಬರೀ ನಂಬರಿನ ಹೆಸರಿರುವ ಫೋಲ್ಡರ್‌ಗಳು ಕಾಣುತ್ತವೆ. ಅವೇ ನಿಮ್ಮ ಲೆಕ್ಕ. ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ದಾರಿ ತೋರಿಸುತ್ತದೆ, ಅದನ್ನು ನೋಡಿ ಬರೆದುಕೊಳ್ಳಿ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದ ಒಂದು ಪ್ರತಿ ತೆಗೆಯಿರಿ, ಡೇಟಾ ಫೋಲ್ಡರ್ ಕಾಪಿ ಮಾಡಿ ಇನ್ನೊಂದು ಇಡಿ.

ಬಿಲ್ಲಿನ ನಮೂನೆ ನಿಮಗೆ ಬೇಕಾದ ಹಾಗೆ ಯಾರಿಂದಾದರೂ ಮಾಡಿಸಿದ್ದರೆ ಅದಕ್ಕೊಂದು ಟಿಡಿಎಲ್ ಫೈಲ್ ಇರುತ್ತದೆ. ಡೇಟಾದ ಜೊತೆ ಅದು ಬರುವುದಿಲ್ಲ, ಬೇರೆಯಾಗಿ ತೆಗೆದಿಡಿ. ಯಾವ ರಿಲೀಸ್ ಬಳಸುತ್ತಿದ್ದೀರಿ ಅಂತಲೂ ಬರೆದುಕೊಳ್ಳಿ. ಹೊಸ ರಿಲೀಸ್‌ನಲ್ಲಿ ಡೇಟಾ ತೆರೆದು ಅದು ಬದಲಾದರೆ, ಮತ್ತೆ ಹಳೇ ರಿಲೀಸ್‌ನಲ್ಲಿ ತೆರೆಯದೇ ಹೋಗಬಹುದು.

ಎಲ್ಲಕ್ಕಿಂತ ಮುಖ್ಯ, ಫಾರ್ಮ್ಯಾಟ್ ಮಾಡುವ ಮುಂಚೆ ಲೈಸೆನ್ಸ್ ಸರೆಂಡರ್ ಮಾಡಿ, ಅಂದರೆ ಈ ಕಂಪ್ಯೂಟರಿನಿಂದ ಬಿಡಿಸಿಕೊಳ್ಳಿ. ಹೆಲ್ಪ್ ಮೆನುವಿನಲ್ಲಿ ಸೆಟಿಂಗ್ಸ್, ಅದರಲ್ಲಿ ಲೈಸೆನ್ಸ್. ಇಂಟರ್ನೆಟ್ ಇರಬೇಕು. ಲೈಸೆನ್ಸ್ ಆ ಕಂಪ್ಯೂಟರಿಗೆ ಕಟ್ಟಿಕೊಂಡಿರುತ್ತದೆ. ಸರೆಂಡರ್ ಮಾಡಿದರೆ ಹೊಸ ವಿಂಡೋಸ್‌ನಲ್ಲಿ ಸಲೀಸಾಗಿ ಆಕ್ಟಿವೇಟ್ ಆಗುತ್ತದೆ. ಟ್ಯಾಲಿಯ ಪಾಸ್‌ವರ್ಡ್, ಸೀರಿಯಲ್ ನಂಬರ್, ಅದಕ್ಕೆ ಕೊಟ್ಟ ಇಮೇಲ್ ಐಡಿ ನಿಮ್ಮ ಬಳಿಯೇ ಇದೆಯಾ ನೋಡಿ. ಎಷ್ಟೋ ಕಡೆ ಮಾರಿದವರ ಇಮೇಲ್ ಹಾಕಿರುತ್ತಾರೆ.

ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ ಒಂದು ಮಾತು: ಸಹಿ ಟೋಕನ್ನಿನೊಳಗೇ ಇರುತ್ತದೆ, ಫಾರ್ಮ್ಯಾಟ್‌ನಿಂದ ಹೋಗುವುದಿಲ್ಲ. ಡ್ರೈವರ್ (ಆ ಸಾಧನವನ್ನು ವಿಂಡೋಸ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಮಾತ್ರ ಮತ್ತೆ ಹಾಕಬೇಕು.

ಹದಡಿ ರಸ್ತೆ ಹಾಸ್ಟೆಲ್

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನದು 11ನೇ ಜನರೇಷನ್ ಲ್ಯಾಪ್‌ಟಾಪ್. ವಿಂಡೋಸ್ 11 ಹೊಸದಾಗಿ ಹಾಕಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಎಲ್ಲಿ ಹಾಕಬೇಕು ಅಂತ ಕೇಳುವ ಪರದೆ ಖಾಲಿ. ಎಸ್‌ಎಸ್‌ಡಿಯೇ ಕಾಣುತ್ತಿಲ್ಲ. ಎಸ್‌ಎಸ್‌ಡಿ ಹೋಗಿದೆಯಾ? ಆದರೆ ಹಳೇ ವಿಂಡೋಸ್ ಚೆನ್ನಾಗಿಯೇ ಆನ್ ಆಗುತ್ತದೆ.

ಅಶೋಕ ರಸ್ತೆ ಸರ್ವಿಸ್

ತಮ್ಮಾ, ಎಸ್‌ಎಸ್‌ಡಿ ಚೆನ್ನಾಗಿದೆ, ಗಾಬರಿ ಆಗಬೇಡ. 11ನೇ ಜನರೇಷನ್‌ನಿಂದ ಈಚೆಗಿನ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಿಭಾಯಿಸುವ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಇರುತ್ತದೆ. ಎಸ್‌ಎಸ್‌ಡಿ ಅದರ ಹಿಂದೆ ಕೂತಿರುತ್ತದೆ. ವಿಂಡೋಸ್ ಇನ್‌ಸ್ಟಾಲರ್ ಬಳಿ ಅದರ ಡ್ರೈವರ್ ಇಲ್ಲದಿದ್ದರೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿನ್ನ ಮಾಡೆಲ್ ಹಾಕಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೋ. ಅದನ್ನು ಬಿಡಿಸಿ, ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಅದೇ ಪೆನ್‌ಡ್ರೈವ್‌ಗೆ ಹಾಕು. ಆ ಖಾಲಿ ಪರದೆಯಲ್ಲಿ "ಲೋಡ್ ಡ್ರೈವರ್" ಒತ್ತಿ ಫೋಲ್ಡರ್ ತೋರಿಸು. ಎಸ್‌ಎಸ್‌ಡಿ ಬರುತ್ತದೆ.

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಏಳುವ ಸೆಟಿಂಗ್ ಪರದೆ) ವಿಎಂಡಿ ಆಫ್ ಮಾಡು ಅಂತಲೂ ಯಾರಾದರೂ ಹೇಳುತ್ತಾರೆ. ಆಫ್ ಮಾಡಿದರೆ ಹಳೇ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಒಳಗಿನದೆಲ್ಲ ಬ್ಯಾಕಪ್ ಆಗಿದ್ದರೆ ಮಾತ್ರ ಅದಕ್ಕೆ ಕೈ ಹಾಕು.

ಹೊಳಲ್ಕೆರೆ ನೆಟ್‌ವರ್ಕ್

ಆ ಹುಡುಗ ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್ ವ್ಯವಸ್ಥೆ, ನೋಡಿಕೊಳ್ಳಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಹೋದದ್ದು ಯಾವ ರಿಪೇರಿಯಿಂದಲೂ ವಾಪಸ್ ಬರುವುದಿಲ್ಲ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುವುದು ಸಾಮಾನ್ಯ. ನೀವು ಕೇಳಿರುವುದಿಲ್ಲ, ಅದು ಹೇಳಿರುವುದಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಸಿ ಡ್ರೈವ್ ಮಾತ್ರ ಅಳಿಸಿ ಹೊಸ ವಿಂಡೋಸ್ ಹಾಕಿದರೂ, ಉಳಿದ ಡಿ ಡ್ರೈವ್ ಬೀಗ ಹಾಕಿದ ಹಾಗೇ ಇರುತ್ತದೆ, ಅದಕ್ಕೂ ಕೀ ಬೇಕು.

ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೇವ್ ಆಗಿರುತ್ತದೆ. ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯಲ್ಲಿ ಬೇರೆ ಯಾರದೋ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರೆ ಕೀ ಅವರ ಅಕೌಂಟಿನಲ್ಲಿ ಇರುತ್ತದೆ! ಈಗಲೇ ಪರೀಕ್ಷಿಸಿ. ಕೀ ಹಾಳೆಯ ಮೇಲೆ ಬರೆದುಕೊಳ್ಳಿ. ಇನ್ನೂ ಒಳ್ಳೆಯದು, ಸೆಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಆಮೇಲೆ ಉಳಿದ ಕೆಲಸ.

ಹದಡಿ ರಸ್ತೆ ಹಾಸ್ಟೆಲ್

ತುಂಬಾ ಥ್ಯಾಂಕ್ಸ್ ಅಣ್ಣಾ. ಎನ್‌ಕ್ರಿಪ್ಷನ್ ನಿಜವಾಗಲೂ ಆನ್ ಇತ್ತು! ಆಫ್ ಮಾಡಿದ್ದೇನೆ. ಡ್ರೈವರ್ ಹಾಕಿದ ಮೇಲೆ ಎಸ್‌ಎಸ್‌ಡಿ ಕಂಡಿತು.

ಜಗಳೂರು ಮೇಷ್ಟ್ರು

ಚೌಕಿಪೇಟೆಯ ತಂಗಿಗೆ ಒಂದು ಪ್ರಶ್ನೆ. ಯಾವ ವಿಂಡೋಸ್ ಹಾಕಬೇಕು ಅಂತಿದ್ದೀರಿ? ನಾಲ್ಕನೇ ಜನರೇಷನ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಇಂಟೆಲ್‌ನಲ್ಲಿ 8ನೇ ಜನರೇಷನ್‌ನಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಶಾಲೆಯ ಹಳೇ ಕಂಪ್ಯೂಟರ್‌ಗಳಿಗೆಲ್ಲ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇವೆ. ಮಕ್ಕಳು ಯೂನಿಕೋಡ್ ಕನ್ನಡ ಟೈಪ್ ಮಾಡುತ್ತಾರೆ, ಕಂಪ್ಯೂಟರೂ ಚುರುಕಾಗಿದೆ. ಯೋಚಿಸಿ ನೋಡಿ.

ದುರ್ಗದ ಅಕ್ಷರ

ಮೇಷ್ಟ್ರೇ, ಶಾಲೆಗೆ ಮಿಂಟ್ ಸರಿ, ನಾನೂ ಒಪ್ಪುತ್ತೇನೆ. ಡಿಟಿಪಿ ಅಂಗಡಿಗೆ ಆಗುವುದಿಲ್ಲ. ಪೇಜ್‌ಮೇಕರ್, ಕೋರಲ್‌ಡ್ರಾ, ಟ್ಯಾಲಿ ಎಲ್ಲ ವಿಂಡೋಸ್‌ನವು. ಲಿನಕ್ಸ್‌ನಲ್ಲಿ ವೈನ್ ಅನ್ನುವ ಸಾಫ್ಟ್‌ವೇರ್ ಹಾಕಿ ಅವನ್ನು ಓಡಿಸಬಹುದು ಅಂತ ಹೇಳುತ್ತಾರೆ, ಆದರೆ ನಾಳೆ ಬೆಳಿಗ್ಗೆ ಪತ್ರಿಕೆ ಕೊಡಬೇಕಾದವರು ಅದನ್ನು ನೆಚ್ಚಿಕೊಂಡು ಕೂರಲು ಆಗುವುದಿಲ್ಲ.

ಜಗಳೂರು ಮೇಷ್ಟ್ರು

ಸರಿ, ಒಪ್ಪಿದೆ. ಆದರೂ ಮಿಂಟ್ ಇರುವ ಒಂದು ಪೆನ್‌ಡ್ರೈವ್ ಎಲ್ಲರ ಹತ್ತಿರ ಇರಲಿ. ಇನ್‌ಸ್ಟಾಲ್ ಮಾಡದೇ ನೇರ ಅದರಿಂದಲೇ ಕಂಪ್ಯೂಟರ್ ಆನ್ ಮಾಡಬಹುದು. ವಿಂಡೋಸ್ ಬೂಟ್ ಆಗುವುದೇ ನಿಂತುಹೋದಾಗ, ಒಳಗಿನ ಫೈಲ್‌ಗಳನ್ನು ಹೊರಗೆ ತೆಗೆಯಲು ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ.

ಅಶೋಕ ರಸ್ತೆ ಸರ್ವಿಸ್

ಆ ಪೆನ್‌ಡ್ರೈವ್ ನಾನೂ ಇಟ್ಟುಕೊಂಡಿದ್ದೇನೆ, ಒಳ್ಳೆಯ ಸಲಹೆ.

ಮೇಡಂ, ನಿಮಗೆ ಸದ್ಯಕ್ಕೆ ವಿಂಡೋಸ್ 10 ಸರಿ. ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಅದಕ್ಕೆ 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಬೇಕು. ತಪಾಸಣೆ ತಪ್ಪಿಸಿ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವ ದಾರಿಗಳಿವೆ. ದುಡಿಮೆಯ ಕಂಪ್ಯೂಟರಿಗೆ ಬೇಡ. ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಅದಕ್ಕಿಲ್ಲ. ಎಸ್‌ಎಸ್‌ಡಿ ವ್ಯರ್ಥ ಆಗುವುದಿಲ್ಲ, ಮುಂದೆ ಹೊಸ ಕಂಪ್ಯೂಟರ್ ಕೊಂಡರೆ ಅದಕ್ಕೂ ಹಾಕಬಹುದು.

ಈಗ ಉಳಿದ ತಯಾರಿ. ಸೆಟಿಂಗ್ಸ್‌ನಲ್ಲಿ ಆಕ್ಟಿವೇಷನ್ ನೋಡಿ, ಹೋಮ್ ಇದೆಯೋ ಪ್ರೊ ಇದೆಯೋ ಬರೆದುಕೊಳ್ಳಿ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದರೂ ಅದೇ ಆವೃತ್ತಿ ಹಾಕಿದರೆ ಇಂಟರ್ನೆಟ್ ಸಿಕ್ಕಾಗ ತಾನೇ ಆಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಮಾಡಿಸಿ ಹಾಕಿಸಿದ್ದಾದರೆ ಈ ಮಾತು ಅನ್ವಯಿಸುವುದಿಲ್ಲ. ಲೆಕ್ಕ ಇಡುವ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಇರಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಪೆನ್‌ಡ್ರೈವ್ 8 ಜಿಬಿಯದಾದರೂ ಇರಲಿ. ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಫಾಂಟ್ ಬ್ಯಾಕಪ್ ಅದೇ ಪೆನ್‌ಡ್ರೈವ್‌ನಲ್ಲಿ ಇಟ್ಟಿರಬೇಡಿ! ಪ್ರಿಂಟರ್, ನೆಟ್‌ವರ್ಕ್ ಡ್ರೈವರ್‌ಗಳನ್ನು ಈಗಲೇ ಇಳಿಸಿಡಿ. ಕ್ಯಾನನ್ ಎಲ್‌ಬಿಪಿ 2900 ತರಹದ ಹಳೇ ಪ್ರಿಂಟರ್ ಇದ್ದರೆ 64 ಬಿಟ್ ಡ್ರೈವರ್ ನೋಡಿ ತೊಗೊಳ್ಳಿ. ಇಂಟರ್ನೆಟ್ ಬರದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಬೇರೆ ಡ್ರೈವರ್ ಇಲ್ಲದೆ ನೆಟ್ ಬರುತ್ತದೆ.

ಕ್ರೋಮ್‌ನ ಪಾಸ್‌ವರ್ಡ್‌ಗಳು ಗೂಗಲ್ ಅಕೌಂಟಿಗೆ ಸಿಂಕ್ ಆಗಿವೆಯಾ ನೋಡಿ. ಫೈಲಾಗಿ ತೆಗೆದರೆ ಅದರಲ್ಲಿ ಎಲ್ಲ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸಿ.

ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕಿನ ಕೇಬಲ್ ಬಿಚ್ಚಿರಲಿ. ಎರಡೂ ಜೋಡಿಸಿದ್ದರೆ ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಕೂತು, ಬೂಟ್ ಆಗಲು ಬೇಕಾದ ಭಾಗ ಮಾತ್ರ ಹಳೇ ಡಿಸ್ಕಿನಲ್ಲಿ ಸೇರಿಕೊಳ್ಳುವುದುಂಟು. ಆಮೇಲೆ ಹಳೇದನ್ನು ತೆಗೆದರೆ ಕಂಪ್ಯೂಟರ್ ಏಳುವುದೇ ಇಲ್ಲ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಂಡರೆ, ಮುಂದೆ "ಯುಇಎಫ್‌ಐ" ಅಂತ ಇರುವುದನ್ನು ಆರಿಸಿ. ಯುಪಿಎಸ್ ಬ್ಯಾಟರಿ ಸರಿ ಇದೆಯಾ ನೋಡಿಕೊಳ್ಳಿ, ನಡುವೆ ಕರೆಂಟು ಹೋಗಬಾರದು.

ಚೌಕಿಪೇಟೆ ಡಿಟಿಪಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಡಿಸ್ಕ್ ಪರೀಕ್ಷೆಯಲ್ಲಿ ಹಳದಿ ಬಂದಿತ್ತು. ಹಾಗಾಗಿ ಮೊದಲು ಎಲ್ಲ ಹೊರಗಿನ ಡಿಸ್ಕಿಗೆ ಇಳಿಸಿಕೊಂಡೆ. ಫಾಂಟ್‌ಗಳನ್ನು ಲ್ಯಾಪ್‌ಟಾಪ್‌ಗೆ ಹಾಕಿ ಹಳೇ ಪತ್ರಿಕೆಗಳನ್ನು ತೆರೆದೆ. ಕೆಲವದರಲ್ಲಿ ವಧುವಿನ ಹೆಸರಿನ ಸಾಲು ಮಾತ್ರ ಪೌಂಡ್ ಗುರುತುಗಳಾಗಿ ಬಂತು. ಹುಡುಕಿದರೆ ಆ ಫಾಂಟ್ ಅಪ್ಪನ ಹಳೇ ಯೂಸರ್ ಅಕೌಂಟಿನೊಳಗಿತ್ತು. ಅದೂ ಸಿಕ್ಕಿತು. ಟ್ಯಾಲಿ ಸರೆಂಡರ್ ಆಯಿತು, ಇಮೇಲ್ ಅಪ್ಪನದೇ ಇತ್ತು. ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ ಎಲ್ಲ ಕೂರಿಸಿದ್ದೇನೆ. ಪೇಜ್‌ಮೇಕರ್ ಈಗ ಕ್ಲಿಕ್ ಮಾಡಿದ ಕೂಡಲೇ ತೆರೆಯುತ್ತದೆ.

ಹಳೇ ಡಿಸ್ಕ್ ಏನು ಮಾಡಲಿ? ಗುಜರಿಗೆ ಹಾಕಬಹುದಾ?

ಅಶೋಕ ರಸ್ತೆ ಸರ್ವಿಸ್

ಈಗಲೇ ಬೇಡ ಮೇಡಂ. ಒಂದು ಮುಹೂರ್ತದ ಸೀಸನ್ ಮುಗಿಯಲಿ, ಒಂದು ಜಿಎಸ್‌ಟಿ ರಿಟರ್ನ್ ಹೋಗಲಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಮೇಲೆ ದಿನಾಂಕ ಬರೆದು ಬೀರುವಿನಲ್ಲಿಡಿ. ಹೊರಗಿನ ಡಿಸ್ಕಿನಲ್ಲಿ ಇರುವ ಬ್ಯಾಕಪ್‌ನ ಇನ್ನೊಂದು ಪ್ರತಿ ಮನೆಯಲ್ಲಿ ಇರಲಿ, ಎರಡೂ ಅಂಗಡಿಯಲ್ಲೇ ಬೇಡ.

ಕೊಡುವಾಗಲೂ ಹಾಗೇ ಕೊಡಬೇಡಿ. ಅರ್ಜಿ ಟೈಪ್ ಮಾಡಿಸಿದವರ ಆಧಾರ್, ಪಹಣಿ ಸ್ಕ್ಯಾನ್‌ಗಳು ಅದರಲ್ಲಿ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅವು ಅಳಿಸುವುದಿಲ್ಲ, ವಾಪಸ್ ತೆಗೆಯಬಹುದು. "ಕ್ವಿಕ್" ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಆಗ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಬಿಡಿ. ಕೆಟ್ಟ ಜಾಗಗಳಿಂದಾಗಿ ಅದು ನಡುವೆ ನಿಂತರೆ ನನ್ನ ಹತ್ತಿರ ತನ್ನಿ, ನಿಮ್ಮೆದುರಿಗೇ ಬಿಚ್ಚಿ ಒಳಗಿನ ತಟ್ಟೆ ಒಡೆದು ಕೊಡುತ್ತೇನೆ.